ಬಸುರಿ ಅಂತ ಗೊತ್ತಾದ ದಿನವೇ ಮಾತ್ರೆ ಬಿಟ್ಟೆ, ಮಗುವಿಗೆ ಏನಾದರೂ ಆಗುತ್ತಾ?

ಪ್ರಶ್ನೆ: ನನಗೆ 28 ವರ್ಷ. ಮದುವೆಯಾಗಿ ಎರಡು ವರ್ಷ. ಡಿಗ್ರಿ ಓದುವಾಗ ಒಮ್ಮೆ ಖಿನ್ನತೆ ಬಂದಿತ್ತು. ಮೂರು ವರ್ಷದ ಹಿಂದೆ ಮತ್ತೆ ಬಂತು. ಆಗ ಬದುಕೇ ಬೇಡ ಅನ್ನಿಸುವಷ್ಟು ಜೋರಾಗಿತ್ತು. ಅಂದಿನಿಂದ ದಿನಕ್ಕೆ ಸರ್ಟ್ರಾಲಿನ್ 100 ಮಿಲಿಗ್ರಾಂ ತೆಗೆದುಕೊಂಡು ಚೆನ್ನಾಗಿದ್ದೆ. ಈಗ ಏಳು ವಾರದ ಬಸುರಿ. ಗೊತ್ತಾದ ದಿನವೇ ಅತ್ತೆಯವರು "ಹೊಟ್ಟೆಯಲ್ಲಿ ಮಗು ಇರುವಾಗ ತಲೆ ಮಾತ್ರೆ ಬೇಡಮ್ಮ" ಅಂದರು. ನಿಲ್ಲಿಸಿ ಹತ್ತು ದಿನವಾಯಿತು. ತಲೆ ಸುತ್ತುತ್ತದೆ, ನಿದ್ದೆ ಇಲ್ಲ, ಸುಮ್ನೆ ಅಳು ಬರುತ್ತದೆ. ಇಷ್ಟು ದಿನ ತಿಂದ ಮಾತ್ರೆಯಿಂದ ಮಗುವಿಗೆ ಏನಾದರೂ ಆಗಿರುತ್ತಾ? ಮತ್ತೆ ಶುರು ಮಾಡಿದರೆ ಹುಟ್ಟುವ ಮಗುವಿಗೆ ಮಾತ್ರೆಯ ಚಟ ಹತ್ತುತ್ತಾ? ಎದೆಹಾಲು ಕೊಡಬಹುದಾ?

ಉತ್ತರ: ಮೊದಲು ಒಂದು ಮಾತು. ನೀವು ಇಷ್ಟು ದಿನ ತೆಗೆದುಕೊಂಡ ಸರ್ಟ್ರಾಲಿನ್ ಮಗುವಿಗೆ ಕೆಡುಕು ಮಾಡಿದೆ ಎಂದು ಹೆದರಿ ಇವತ್ತು ರಾತ್ರಿಯ ನಿದ್ದೆಯನ್ನೂ ಕಳೆದುಕೊಳ್ಳಬೇಡಿ. ಬಸುರಿನಲ್ಲಿ ಖಿನ್ನತೆಗೆ ಔಷಧ ಬೇಕು ಎಂದಾಗ ನಾವು ಎಲ್ಲಕ್ಕಿಂತ ಮೊದಲು ನೆನೆಯುವ ಮಾತ್ರೆಗಳಲ್ಲಿ ಅದೂ ಒಂದು. ನನಗೆ ಆತಂಕ ಇರುವುದು ನೀವು ತಿಂದ ಮಾತ್ರೆಯ ಬಗ್ಗೆ ಅಲ್ಲ, ಬಿಟ್ಟ ಹತ್ತು ದಿನದ ಬಗ್ಗೆ. ಈ ವಾರದೊಳಗೆ, ಸಾಧ್ಯವಾದರೆ ನಾಳೆಯೇ, ನಿಮಗೆ ಮಾತ್ರೆ ಬರೆದುಕೊಟ್ಟ ಮನೋವೈದ್ಯರನ್ನು ನೋಡಿ. ಉಳಿದದ್ದನ್ನು ನಿಧಾನವಾಗಿ ಹೇಳುತ್ತೇನೆ.

ಇಪ್ಪತ್ತು ವರ್ಷಗಳಿಂದ ಇದೇ ಕೆಲಸದಲ್ಲಿದ್ದೇನೆ. ನಮ್ಮ ಹೆಣ್ಣುಮಕ್ಕಳ ಮನೋರೋಗದ ಮಾತ್ರೆ ಎರಡು ಸಲ ದಿಢೀರ್ ನಿಂತು ಹೋಗುವುದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಒಂದು, ಮದುವೆಯ ದಿನ. ಗಂಡನ ಮನೆಯವರಿಗೆ ಗೊತ್ತಾಗಬಾರದು ಎಂದು ಮಾತ್ರೆಯ ಪಟ್ಟಿ ತವರಿನಲ್ಲೇ ಉಳಿಯುತ್ತದೆ. ಎರಡು, ಮುಟ್ಟು ನಿಂತ ದಿನ. ಎರಡು ಸಲವೂ ಆ ತೀರ್ಮಾನದಲ್ಲಿ ಡಾಕ್ಟರ್ ಇರುವುದಿಲ್ಲ. ಎಷ್ಟೋ ಸಲ ಆ ಹೆಣ್ಣುಮಗಳೂ ಇರುವುದಿಲ್ಲ. ನಿಮ್ಮ ಮನೆಯಲ್ಲಿ ಅತ್ತೆಯವರಿಗೆ ವಿಷಯ ಗೊತ್ತಿದೆ, ಮನೆಯಲ್ಲಿ ಮಾತು ನಡೆದಿದೆ. ಅದು ಒಳ್ಳೆಯದು. ಅವರ ಭಯವನ್ನು ನಾನು ತಳ್ಳಿಹಾಕುವುದಿಲ್ಲ.

ಆ ಭಯಕ್ಕೆ ಕಾರಣವೂ ಇದೆ. 1957ರಲ್ಲಿ ಜರ್ಮನಿಯಲ್ಲಿ ಥಾಲಿಡೊಮೈಡ್ ಎಂಬ ಮಾತ್ರೆ ಮಾರುಕಟ್ಟೆಗೆ ಬಂತು. ನಿದ್ದೆಗೆ, ಬಸುರಿಯರ ವಾಂತಿಗೆ ಒಳ್ಳೆಯದು, ಏನೂ ತೊಂದರೆ ಇಲ್ಲ ಎಂದು ಮಾರಿದರು. 1961ರ ಕೊನೆಗೆ ಅದನ್ನು ಹಿಂದೆ ತೆಗೆದುಕೊಳ್ಳುವ ಹೊತ್ತಿಗೆ ಹಲವು ದೇಶಗಳಲ್ಲಿ ಸಾವಿರಾರು ಮಕ್ಕಳು ಕೈಕಾಲು ಬೆಳೆಯದೆ ಹುಟ್ಟಿದ್ದರು. ಅಂದಿನಿಂದ ಬಸುರಿನಲ್ಲಿ ಮಾತ್ರೆ ಅಂದರೆ ಜಗತ್ತೇ ಬೆಚ್ಚುತ್ತದೆ. ಬೆಚ್ಚಲೇಬೇಕು. ಆದರೆ ಆ ಪಾಠ ಕಲಿತ ಮೇಲೆ ಬಂದ ಔಷಧಗಳನ್ನು ಲಕ್ಷಗಟ್ಟಲೆ ಹೆರಿಗೆಗಳ ದಾಖಲೆ ಇಟ್ಟುಕೊಂಡು ನೋಡಿದ್ದಾರೆ. ಯಾವುದು ಕೆಟ್ಟದ್ದು, ಯಾವುದು ಅಲ್ಲ ಎಂದು ಈಗ ಬಹಳಷ್ಟು ಗೊತ್ತಿದೆ. ಎಲ್ಲ ಮಾತ್ರೆಗಳನ್ನೂ ಒಂದೇ ಚೀಲಕ್ಕೆ ಹಾಕಿ "ತಲೆ ಮಾತ್ರೆ" ಎನ್ನುವುದೇ ತಪ್ಪು.

ನಿಮ್ಮ ಮೊದಲ ಪ್ರಶ್ನೆ, ಇಷ್ಟು ದಿನದ ಮಾತ್ರೆ ಏನು ಮಾಡಿರಬಹುದು?

ಯಾವ ಮಾತ್ರೆಯನ್ನೂ ತಿನ್ನದ ತಾಯಂದಿರಲ್ಲೂ 100 ಮಕ್ಕಳಲ್ಲಿ 2-3 ಮಕ್ಕಳು ಏನಾದರೊಂದು ಹುಟ್ಟುದೋಷದೊಂದಿಗೆ ಹುಟ್ಟುತ್ತಾರೆ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಹಾಗಾಗಿ ಏನೇ ಆದರೂ ಮಾತ್ರೆಯ ಮೇಲೆ ಬೆರಳು ಹೋಗುತ್ತದೆ. ನಾವು ಕೇಳಬೇಕಾದ ಪ್ರಶ್ನೆ, ಈ 2-3 ಎಂಬುದು ಮಾತ್ರೆಯಿಂದ ಎಷ್ಟಕ್ಕೆ ಏರುತ್ತದೆ ಎಂಬುದು. ಸರ್ಟ್ರಾಲಿನ್ ವಿಷಯದಲ್ಲಿ ಉತ್ತರ, ಕಣ್ಣಿಗೆ ಕಾಣುವಷ್ಟು ಏರುವುದಿಲ್ಲ. 2014ರಲ್ಲಿ ಅಮೆರಿಕದಲ್ಲಿ ಒಂಬತ್ತು ಲಕ್ಷಕ್ಕೂ ಹೆಚ್ಚು ಬಸುರಿನ ದಾಖಲೆಗಳನ್ನು ಸೋಸಿದ ಒಂದು ಅಧ್ಯಯನ ಬಂತು. ಮೊದಲ ಮೂರು ತಿಂಗಳಲ್ಲಿ ಖಿನ್ನತೆಯ ಮಾತ್ರೆ ತೆಗೆದುಕೊಂಡವರ ಮಕ್ಕಳ ಹೃದಯದಲ್ಲಿ ದೋಷ ಹೆಚ್ಚಿದೆಯೇ ಎಂದು ನೋಡಿದರು. ತಾಯಿಯ ಕಾಯಿಲೆ, ವಯಸ್ಸು, ಬೇರೆ ಔಷಧ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದ ಮೇಲೆ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿಯಲಿಲ್ಲ. ಅದೇ ಗುಂಪಿನ ಪ್ಯಾರೊಕ್ಸೆಟಿನ್ ಎಂಬ ಮಾತ್ರೆಯ ಬಗ್ಗೆ ಮಾತ್ರ ಕೆಲವು ಹಳೆಯ ಅಧ್ಯಯನಗಳು ಅನುಮಾನ ಎತ್ತಿದ್ದವು. ಅದಕ್ಕೇ ಹೊಸದಾಗಿ ಶುರು ಮಾಡುವಾಗ ನಾವು ಅದನ್ನು ಆರಿಸುವುದಿಲ್ಲ.

ಇಂಟರ್ನೆಟ್‌ನಲ್ಲಿ ಹುಡುಕಿದರೆ ಸರ್ಟ್ರಾಲಿನ್ ಎದುರು "ಕೆಟಗರಿ ಸಿ" ಎಂದು ಬರುತ್ತದೆ. ಬಹಳ ಜನ ಅದನ್ನು ನೋಡಿಯೇ ಗಾಬರಿಯಾಗುತ್ತಾರೆ. ಎ, ಬಿ, ಸಿ, ಡಿ, ಎಕ್ಸ್ ಎಂಬ ಈ ಅಕ್ಷರಗಳು ಅಮೆರಿಕದ ಔಷಧ ಇಲಾಖೆ ಮಾಡಿದ್ದು. ಜನ ಅದನ್ನು ಶಾಲೆಯ ಗ್ರೇಡ್‌ನಂತೆ ಓದಿ ತಪ್ಪು ತಿಳಿಯುತ್ತಾರೆ ಎಂದು ಅದೇ ಇಲಾಖೆ 2015ರಿಂದ ಹೊಸ ಲೇಬಲ್‌ಗಳಲ್ಲಿ ಆ ಅಕ್ಷರಗಳನ್ನು ಕೈಬಿಟ್ಟಿತು. ನೀವೂ ಬಿಟ್ಟುಬಿಡಿ.

ಈಗ ಮಾತ್ರೆ ಬಿಟ್ಟರೆ ಏನು ಎಂಬುದಕ್ಕೆ ಬರೋಣ. ನನಗೆ ತುಂಬಾ ಮುಖ್ಯ ಅನ್ನಿಸುವ ವಿಷಯ ಇದು.

ಮನೆಯವರ ತಲೆಯಲ್ಲಿ ಇರುವ ಲೆಕ್ಕ ಹೀಗೆ: ಒಂದು ಕಡೆ ಮಾತ್ರೆ ಇದೆ, ಇನ್ನೊಂದು ಕಡೆ ಏನೂ ಇಲ್ಲ. ಹಾಗಿದ್ದರೆ ಏನೂ ಇಲ್ಲದ್ದೇ ಒಳ್ಳೆಯದು ಅಲ್ವಾ? ಆದರೆ ಆ ಇನ್ನೊಂದು ಕಡೆ ಖಾಲಿ ಇಲ್ಲ. ಅಲ್ಲಿ ನಿಮ್ಮ ಕಾಯಿಲೆ ಕೂತಿದೆ. ಖಿನ್ನತೆ ಮರಳಿದ ಬಸುರಿಗೆ ಊಟ ಸೇರುವುದಿಲ್ಲ. ತೂಕ ಏರುವುದಿಲ್ಲ. ತಪಾಸಣೆಗೆ ಹೋಗುವ ಮನಸ್ಸಾಗುವುದಿಲ್ಲ. ಕಬ್ಬಿಣದ ಮಾತ್ರೆ ಡಬ್ಬಿಯಲ್ಲೇ ಉಳಿಯುತ್ತದೆ. ಚಿಕಿತ್ಸೆ ಇಲ್ಲದ ಖಿನ್ನತೆಯಲ್ಲಿ ಅವಧಿಗೆ ಮುಂಚಿನ ಹೆರಿಗೆ, ಕಡಿಮೆ ತೂಕದ ಮಗು ಜಾಸ್ತಿ. ಹೆರಿಗೆಯ ನಂತರವೂ ಖಿನ್ನತೆ ಮುಂದುವರಿಯುವುದು ಜಾಸ್ತಿ. ಮತ್ತೆ ಜೀವದ ಅಪಾಯ. ನಿಮ್ಮ ಎರಡನೆಯ ಸಲದ ಕಾಯಿಲೆಯ ಬಗ್ಗೆ ನೀವೇ ಬರೆದಿದ್ದೀರಿ. ಅದನ್ನು ಓದಿದ ಮೇಲೆ ನಾನು ಹಗುರವಾಗಿ ಮಾತಾಡಲಾರೆ.

2006ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ 201 ಬಸುರಿಯರು ಇದ್ದರು. ಎಲ್ಲರಿಗೂ ಮೊದಲು ಖಿನ್ನತೆ ಬಂದು, ಮಾತ್ರೆಯಿಂದ ಗುಣ ಕಂಡಿತ್ತು. ಮಾತ್ರೆ ಮುಂದುವರಿಸಿದವರಲ್ಲಿ 100ಕ್ಕೆ 26 ಜನರಿಗೆ ಕಾಯಿಲೆ ಮರಳಿತು. ನಿಲ್ಲಿಸಿದವರಲ್ಲಿ 100ಕ್ಕೆ 68 ಜನರಿಗೆ ಮರಳಿತು. ಇನ್ನೊಂದು ಮಾತನ್ನೂ ಹೇಳಬೇಕು. ಇವರೆಲ್ಲ ದೊಡ್ಡ ಚಿಕಿತ್ಸಾ ಕೇಂದ್ರಗಳಿಗೆ ಬಂದವರು, ಕಾಯಿಲೆ ಜೋರಾಗಿದ್ದವರು. 2011ರಲ್ಲಿ ಸಾಮಾನ್ಯ ಬಸುರಿಯರ ನಡುವೆ ಮಾಡಿದ ಇನ್ನೊಂದು ಅಧ್ಯಯನದಲ್ಲಿ ಇಷ್ಟು ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಅಂದರೆ ಎಲ್ಲರೂ ಮಾತ್ರೆ ಮುಂದುವರಿಸಲೇಬೇಕು ಎಂದಲ್ಲ. ಒಂದೇ ಸಲ, ಹಗುರವಾಗಿ ಬಂದು ಹೋದ ಖಿನ್ನತೆ, ಎರಡು ವರ್ಷದಿಂದ ಚೆನ್ನಾಗಿರುವವರು, ಇಂಥವರಿಗೆ ನಾನೇ ನಿಧಾನವಾಗಿ ಡೋಸ್ ಇಳಿಸಿ, ಕೌನ್ಸೆಲಿಂಗ್ ಜೊತೆ ಮುಂದುವರಿಸಿದ್ದುಂಟು. ನೀವು ಆ ಗುಂಪಿನವರಲ್ಲ. ಎರಡು ಸಲ ಬಂದಿದೆ, ಎರಡನೆಯದು ಜೀವಕ್ಕೇ ಕುತ್ತು ತರುವಂತಿತ್ತು. ನಾನು ನಿಮ್ಮ ಡಾಕ್ಟರ್ ಆಗಿದ್ದರೆ ಮುಂದುವರಿಸೋಣ ಎನ್ನುತ್ತಿದ್ದೆ.

ಈಗ ಆಗುತ್ತಿರುವ ತಲೆಸುತ್ತು, ನಿದ್ದೆಗೇಡು ಬಹುಶಃ ಮಾತ್ರೆ ಒಮ್ಮೆಲೇ ನಿಂತಿದ್ದಕ್ಕೆ ದೇಹ ತೋರಿಸುತ್ತಿರುವ ಪ್ರತಿಕ್ರಿಯೆ. ಕೆಲವರಿಗೆ ತಲೆಯೊಳಗೆ ಕರೆಂಟ್ ಹೊಡೆದ ಹಾಗೂ ಆಗುತ್ತದೆ. ಇದು ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ತಗ್ಗುತ್ತದೆ. ತಗ್ಗಿದ ಮೇಲೆ "ನೋಡಿ, ಮಾತ್ರೆ ಇಲ್ಲದೆಯೂ ಸರಿಯಾಯಿತು" ಅನ್ನಿಸಬಹುದು. ಖಿನ್ನತೆ ಮರಳುವುದು ಅದಾದ ಮೇಲೆ, ವಾರಗಟ್ಟಲೆ ಅಥವಾ ತಿಂಗಳು ಕಳೆದು, ಸದ್ದಿಲ್ಲದೆ. ಹಾಗಾಗಿ ಆ ನೆಮ್ಮದಿಯನ್ನು ನಂಬಿ ಡಾಕ್ಟರ್ ಭೇಟಿಯನ್ನು ಮುಂದೂಡಬೇಡಿ. ಮನೆಯಲ್ಲಿ ಉಳಿದ ಪಟ್ಟಿಯಿಂದ ನೀವೇ 100 ಮಿಲಿಗ್ರಾಂ ನುಂಗಿ ಶುರು ಮಾಡುವುದೂ ಬೇಡ. ಹತ್ತು ದಿನ ಬಿಟ್ಟ ಮೇಲೆ ನಾವು ಸಾಮಾನ್ಯವಾಗಿ ಸಣ್ಣ ಡೋಸ್‌ನಿಂದ ಹತ್ತಿಸುತ್ತೇವೆ, ಇಲ್ಲದಿದ್ದರೆ ಬಸುರಿನ ವಾಕರಿಕೆಯ ಜೊತೆ ಮಾತ್ರೆಯ ವಾಕರಿಕೆಯೂ ಸೇರುತ್ತದೆ. ಈ ನಡುವೆ ಸಾಯುವ ಯೋಚನೆ ಒಂದು ಸಲ ಬಂದರೂ ಕಾಯಬೇಡಿ. ನಿಮ್ಮ ಯಜಮಾನರಿಗೆ ಹೇಳಿ, ಆಸ್ಪತ್ರೆಗೆ ಹೋಗಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಎರಡನೆಯ ಪ್ರಶ್ನೆ, ಮಗುವಿಗೆ ಚಟ ಹತ್ತುತ್ತಾ?

ಇಲ್ಲ. ಚಟ ಅನ್ನುವುದು ಇದಲ್ಲ. ಆದರೆ ಏನೂ ಆಗುವುದಿಲ್ಲ ಎಂದು ಹೇಳಿ ನಿಮ್ಮನ್ನು ಕಳಿಸಿದರೆ, ಹೆರಿಗೆಯ ಎರಡನೇ ದಿನ ಮಗು ಸ್ವಲ್ಪ ನಡುಗಿದರೂ ನೀವು ನನ್ನನ್ನು ನಂಬುವುದಿಲ್ಲ. ಅದಕ್ಕೆ ಇರುವುದನ್ನು ಇರುವ ಹಾಗೆ ಹೇಳುತ್ತೇನೆ.

ಹೊಟ್ಟೆಯಲ್ಲಿದ್ದಾಗ ಮಗುವಿಗೆ ಹೊಕ್ಕುಳಬಳ್ಳಿಯಿಂದ ಸ್ವಲ್ಪ ಔಷಧ ಹೋಗುತ್ತಿರುತ್ತದೆ. ಹುಟ್ಟಿದ ಗಳಿಗೆಯಲ್ಲಿ ಅದು ನಿಲ್ಲುತ್ತದೆ. ಕೊನೆಯ ತಿಂಗಳುಗಳಲ್ಲಿ ಈ ಗುಂಪಿನ ಮಾತ್ರೆ ತೆಗೆದುಕೊಂಡ ತಾಯಂದಿರ ಮಕ್ಕಳಲ್ಲಿ ಹತ್ತಕ್ಕೆ ಸುಮಾರು ಮೂರು ಮಕ್ಕಳಿಗೆ ಮೊದಲ ಎರಡು ದಿನದೊಳಗೆ ಸ್ವಲ್ಪ ಕಿರಿಕಿರಿ ಕಾಣಿಸಿಕೊಳ್ಳುತ್ತದೆ. ಕೈಕಾಲು ನಡುಗುವುದು, ಜಾಸ್ತಿ ಅಳು, ಉಸಿರು ಸ್ವಲ್ಪ ಜೋರು, ಹಾಲು ಚೀಪಲು ತಡಬಡಿಸುವುದು, ನಿದ್ದೆ ಕೆಡುವುದು. ಬಹುತೇಕ ಮಕ್ಕಳಿಗೆ ಯಾವ ಔಷಧವೂ ಬೇಡ. ಎದೆಗೆ ಅಪ್ಪಿಕೊಳ್ಳಿ, ಚರ್ಮಕ್ಕೆ ಚರ್ಮ ತಾಗುವಂತೆ ಇಟ್ಟುಕೊಳ್ಳಿ, ಕೋಣೆಯ ಬೆಳಕು, ಗಲಾಟೆ ಕಡಿಮೆ ಮಾಡಿ, ಸ್ವಲ್ಪ ಸ್ವಲ್ಪವೇ ಹಾಲು ಕೊಡಿ. ಕೆಲವೇ ದಿನಗಳಲ್ಲಿ, ಹೆಚ್ಚೆಂದರೆ ಎರಡು ವಾರದಲ್ಲಿ ಸರಿಹೋಗುತ್ತದೆ. ಹೆರಿಗೆಯಾಗಿ ಕನಿಷ್ಠ ಎರಡು ದಿನ ಆಸ್ಪತ್ರೆಯಲ್ಲೇ ಇದ್ದು ಮಕ್ಕಳ ಡಾಕ್ಟರ್ ಒಮ್ಮೆ ಚೆನ್ನಾಗಿ ನೋಡಿದರೆ ಸಾಕು. ಮಗುವನ್ನು ಮೊದಲೇ ಎನ್‌ಐಸಿಯುಗೆ, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕಕ್ಕೆ, ಒಯ್ದು ಇಡಬೇಕಾಗಿಲ್ಲ. ತಾಯಿಯ ಮಡಿಲೇ ಆ ಮಗುವಿಗೆ ಒಳ್ಳೆಯ ಚಿಕಿತ್ಸೆ.

ಇನ್ನೊಂದು ಅಪರೂಪದ ತೊಂದರೆ ಇದೆ. ಹುಟ್ಟಿದ ಮೇಲೆ ಶ್ವಾಸಕೋಶದ ರಕ್ತನಾಳಗಳು ಸಡಿಲವಾಗಿ ತೆರೆದುಕೊಳ್ಳಬೇಕು. ಕೆಲವು ಮಕ್ಕಳಲ್ಲಿ ಹಾಗೆ ಆಗದೆ ಉಸಿರಾಟಕ್ಕೆ ಕಷ್ಟವಾಗುತ್ತದೆ. ಇದು ಗಂಭೀರವಾದದ್ದೇ. ಸಾಮಾನ್ಯವಾಗಿ 1000 ಮಕ್ಕಳಲ್ಲಿ ಸುಮಾರು 2 ಮಕ್ಕಳಿಗೆ ಆಗುವುದು, ಈ ಮಾತ್ರೆಗಳಿಂದ ಸುಮಾರು 3 ಆಗುತ್ತದೆ. ಸುದ್ದಿಯಲ್ಲಿ ಇದನ್ನೇ "ಅಪಾಯ ಶೇಕಡಾ ಐವತ್ತು ಹೆಚ್ಚಳ" ಎಂದು ಬರೆಯುತ್ತಾರೆ. ಲೆಕ್ಕ ಸುಳ್ಳಲ್ಲ. ಆದರೆ 1000 ಮಕ್ಕಳಲ್ಲಿ 997 ಮಕ್ಕಳಿಗೆ ಅದು ಆಗುವುದಿಲ್ಲ ಎಂಬುದೂ ಅದೇ ಲೆಕ್ಕ. ಮಗುವಿನ ತುಟಿ ನೀಲಿಯಾದರೆ, ಉಸಿರಿಗೆ ಪಕ್ಕೆ ಒಳಗೆ ಎಳೆದುಕೊಂಡರೆ ತಕ್ಷಣ ತೋರಿಸಬೇಕು. ಇದು ಮಾತ್ರೆ ತಿನ್ನದ ತಾಯಿಯ ಮಗುವಿಗೂ ಅನ್ವಯಿಸುವ ಮಾತು.

ಕೆಲವರು ಒಂಬತ್ತನೇ ತಿಂಗಳಲ್ಲಿ ತಾವೇ ಮಾತ್ರೆ ಕಡಿಮೆ ಮಾಡುತ್ತಾರೆ, ಮಗುವಿಗೆ ನಡುಕ ಬಾರದಿರಲಿ ಎಂದು. ಅದರಿಂದ ಮಗುವಿಗೆ ಲಾಭ ಎಂದು ಯಾರೂ ತೋರಿಸಿಲ್ಲ. ತಾಯಿ ಮಾತ್ರ ಬಾಣಂತನಕ್ಕೆ ಕಾಲಿಡುವಾಗಲೇ ಕುಸಿದಿರುತ್ತಾಳೆ. ನಿಜ ಹೇಳಬೇಕೆಂದರೆ ಕೊನೆಯ ತಿಂಗಳುಗಳಲ್ಲಿ ದೇಹದಲ್ಲಿ ನೀರು, ರಕ್ತ ಹೆಚ್ಚಿ ಔಷಧದ ಮಟ್ಟ ಇಳಿಯುವುದುಂಟು. ಕೆಲವರಿಗೆ ಡೋಸ್ ಸ್ವಲ್ಪ ಏರಿಸಬೇಕಾಗುತ್ತದೆ. ಹೆರಿಗೆ ಡಾಕ್ಟರಿಗೆ ಈ ಮಾತ್ರೆಯ ವಿಷಯ ಮುಚ್ಚಿಡಬೇಡಿ. ಹೆರಿಗೆಯ ನಂತರದ ರಕ್ತಸ್ರಾವ ಈ ಮಾತ್ರೆಯಿಂದ ಸ್ವಲ್ಪ ಹೆಚ್ಚಬಹುದು, ಅವರಿಗೆ ಗೊತ್ತಿದ್ದರೆ ಸಿದ್ಧವಾಗಿರುತ್ತಾರೆ. ತಾಯಿ ಕಾರ್ಡಿನಲ್ಲಿ ಮಾತ್ರೆಯ ಹೆಸರು, ಡೋಸ್ ಬರೆಸಿ. ತವರಿಗೆ ಹೋಗಿ ಬೇರೆ ಊರಲ್ಲಿ ಹೆರಿಗೆ ಮಾಡಿಸಿಕೊಳ್ಳುವುದಿದ್ದರೆ ಇದು ಇನ್ನೂ ಮುಖ್ಯ. ಇಲ್ಲಿನ ಫೈಲು ಅಲ್ಲಿಗೆ ಹೋಗುವುದಿಲ್ಲ, ಕಾರ್ಡು ಹೋಗುತ್ತದೆ.

ಎದೆಹಾಲಿನ ಪ್ರಶ್ನೆಗೆ ಉತ್ತರ ಚಿಕ್ಕದು. ಕೊಡಿ. ತಾಯಿಯ ಡೋಸ್‌ಗೆ ಹೋಲಿಸಿದರೆ ಮಗುವಿಗೆ ಹಾಲಿನಲ್ಲಿ ಹೋಗುವ ಪಾಲು ಹತ್ತು ಶೇಕಡಾಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಪರವಾಗಿಲ್ಲ ಎನ್ನುತ್ತೇವೆ. ಸರ್ಟ್ರಾಲಿನ್ ಅದಕ್ಕಿಂತ ಎಷ್ಟೋ ಕೆಳಗಿದೆ. ಹಾಲು ಹಿಂಡಿ ಚೆಲ್ಲಬೇಕಾಗಿಲ್ಲ, ಗಂಟೆ ನೋಡಿ ಕೊಡಬೇಕಾಗಿಲ್ಲ.

ನಿಮ್ಮ ಪತ್ರವನ್ನು ಬೇರೆ ಮಾತ್ರೆ ತೆಗೆದುಕೊಳ್ಳುವವರೂ ಓದುತ್ತಾರೆ. ಅವರಿಗೆ ನನ್ನ ಮೇಲಿನ ಮಾತುಗಳನ್ನು ಹಾಗೆಯೇ ಹಚ್ಚಿಕೊಳ್ಳಬೇಡಿ ಎಂದು ಹೇಳಲೇಬೇಕು. ವಾಲ್ಪ್ರೋಯೇಟ್ ಎಂಬ ಮಾತ್ರೆ ಇದೆ. ಬೈಪೋಲಾರ್ ಕಾಯಿಲೆಗೆ (ಮನಸ್ಸು ಕೆಲವು ಕಾಲ ಅತಿ ಉತ್ಸಾಹಕ್ಕೆ, ಕೆಲವು ಕಾಲ ಖಿನ್ನತೆಗೆ ಹೋಗುವ ಕಾಯಿಲೆ), ಫಿಟ್ಸ್‌ಗೆ, ಕೆಲವೊಮ್ಮೆ ಮೈಗ್ರೇನ್ ತಲೆನೋವಿಗೂ ಕೊಡುತ್ತಾರೆ. ಬಸುರಿನಲ್ಲಿ ಇದನ್ನು ತೆಗೆದುಕೊಂಡರೆ 100ರಲ್ಲಿ ಸುಮಾರು 10 ಮಕ್ಕಳಿಗೆ ಹುಟ್ಟುದೋಷ ಬರುತ್ತದೆ, ಬೆನ್ನುಹುರಿ ಮುಚ್ಚದಿರುವುದೂ ಅದರಲ್ಲಿ ಸೇರಿದೆ. ನೋಡಲು ಚೆನ್ನಾಗಿ ಹುಟ್ಟಿದ ಮಕ್ಕಳಲ್ಲೂ 100ಕ್ಕೆ 30-40 ಮಕ್ಕಳು ಮಾತು, ನಡೆ, ಕಲಿಕೆಯಲ್ಲಿ ಹಿಂದೆ ಬೀಳಬಹುದು. 2018ರಿಂದ ಬ್ರಿಟನ್ನಿನಲ್ಲಿ ಗರ್ಭನಿರೋಧದ ಪಕ್ಕಾ ವ್ಯವಸ್ಥೆ ಇಲ್ಲದೆ ಇದನ್ನು ಹೆರುವ ವಯಸ್ಸಿನ ಹೆಣ್ಣುಮಕ್ಕಳಿಗೆ ಕೊಡುವಂತಿಲ್ಲ ಎಂದು ಮಾಡಿದರು. ನಮ್ಮಲ್ಲಿ ಮದುವೆ ವಯಸ್ಸಿನ ಹುಡುಗಿಯರ ಚೀಟಿಯಲ್ಲಿ ಇದು ಈಗಲೂ ಕಾಣುತ್ತದೆ. ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಬೆನ್ನುಹುರಿಯ ಕೊಳವೆ ಗರ್ಭ ನಿಂತ 28 ದಿನದೊಳಗೆ ಮುಚ್ಚಿಕೊಳ್ಳುತ್ತದೆ. ಎಷ್ಟೋ ಜನಕ್ಕೆ ಬಸುರಿ ಎಂದು ಗೊತ್ತಾಗುವ ಹೊತ್ತಿಗೆ ಆ ಕೆಲಸ ಮುಗಿದಿರುತ್ತದೆ. ಹಾಗಾಗಿ ಈ ಮಾತ್ರೆ ಬದಲಿಸುವ ಮಾತು ಮದುವೆಗೆ ಮೊದಲೇ ಆಗಬೇಕು. ಈಗಾಗಲೇ ಬಸುರಿಯಾಗಿ ಇದನ್ನು ನುಂಗುತ್ತಿದ್ದರೆ ನೀವೇ ನಿಲ್ಲಿಸಬೇಡಿ, ಫಿಟ್ಸ್ ಇರುವವರಂತೂ ಖಂಡಿತ ಬೇಡ. ಅದೇ ದಿನ ಡಾಕ್ಟರ್ ಹತ್ತಿರ ಹೋಗಿ.

ಬೈಪೋಲಾರ್ ಕಾಯಿಲೆಗೆ ಕೊಡುವ ಲಿಥಿಯಂ ಬಗ್ಗೆ ಹಿಂದೆ ತುಂಬಾ ಹೆದರಿಸಿದ್ದರು. ಹೃದಯದ ದೋಷದ ಅಪಾಯ ಇದೆ, ಆದರೆ ಆಗ ಅಂದುಕೊಂಡಷ್ಟಿಲ್ಲ. 2017ರ ಒಂದು ದೊಡ್ಡ ಅಧ್ಯಯನದಲ್ಲಿ 100ಕ್ಕೆ ಸುಮಾರು 1 ಇದ್ದದ್ದು ಲಿಥಿಯಂ ತೆಗೆದುಕೊಂಡವರಲ್ಲಿ 2.4 ಆಗಿತ್ತು, ಡೋಸ್ ಹೆಚ್ಚಾದಂತೆ ಅಪಾಯವೂ ಹೆಚ್ಚು. ರಕ್ತದಲ್ಲಿ ಅದರ ಮಟ್ಟವನ್ನು ಆಗಾಗ ನೋಡುತ್ತಾ, ಮಗುವಿನ ಹೃದಯದ ಸ್ಕ್ಯಾನ್ ಮಾಡಿಸುತ್ತಾ ಕೆಲವರಿಗೆ ಮುಂದುವರಿಸುತ್ತೇವೆ. ನಮ್ಮ ಬಾಣಂತನದ ಒಂದು ಪದ್ಧತಿ ಇಲ್ಲಿ ಅಪಾಯ ತರುತ್ತದೆ. ಬಾಣಂತಿಗೆ ನೀರು ಕಡಿಮೆ ಕೊಡುತ್ತಾರಲ್ಲ, ಅದು. ಲಿಥಿಯಂ ತೆಗೆದುಕೊಳ್ಳುವ ಬಾಣಂತಿ ನೀರು ಕುಡಿಯದಿದ್ದರೆ ರಕ್ತದಲ್ಲಿ ಅದರ ಮಟ್ಟ ಏರಿ ವಿಷವಾಗುತ್ತದೆ. ಸಿಸೇರಿಯನ್ ನೋವಿಗೆ ಕೊಡುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೂಡ ಹಾಗೆಯೇ ಮಟ್ಟ ಏರಿಸುತ್ತವೆ. ಲಿಥಿಯಂ ತೆಗೆದುಕೊಳ್ಳುವಾಗ ಎದೆಹಾಲು ಕೊಡುವುದನ್ನೂ ಡಾಕ್ಟರ್ ಜೊತೆ ಕೂತೇ ತೀರ್ಮಾನಿಸಬೇಕು. ಬೈಪೋಲಾರ್‌ಗೆ, ಭ್ರಮೆಯ ಕಾಯಿಲೆಗಳಿಗೆ ಕೊಡುವ ಒಲಾಂಜಪಿನ್ ತೆಗೆದುಕೊಳ್ಳುವವರು ತೂಕ, ಶುಗರ್ ಮೇಲೆ ಕಣ್ಣಿಡಬೇಕು. ನಿದ್ದೆಗೆಂದು ಕ್ಲೋನಜೆಪಾಮ್ ತರಹದ ಮಾತ್ರೆಯನ್ನು ಹೆರಿಗೆಯ ಹತ್ತಿರ ಜಾಸ್ತಿ ತೆಗೆದುಕೊಂಡರೆ ಮಗು ಮಂಪರಿನಲ್ಲಿ, ಮೈ ಸಡಿಲವಾಗಿ ಹುಟ್ಟಬಹುದು.

ಬೈಪೋಲಾರ್ ಇರುವವರ ಮನೆಯವರಿಗೆ ಇನ್ನೊಂದು ಮಾತು. ಹಿಂದಿನವರು "ಬಾಣಂತಿ ಸನ್ನಿ" ಅನ್ನುತ್ತಿದ್ದರು. ಹೆರಿಗೆಯಾದ ಕೆಲವೇ ದಿನಗಳಲ್ಲಿ ನಿದ್ದೆ ಪೂರ್ತಿ ಹೋಗಿ, ಏನೇನೋ ಮಾತು, ಅನುಮಾನ, ಮಗುವನ್ನೇ ಗುರುತಿಸದಿರುವುದು. ಇದು 1000 ಹೆರಿಗೆಗಳಲ್ಲಿ 1-2ರಲ್ಲಿ ಆಗುತ್ತದೆ, ಬೈಪೋಲಾರ್ ಇರುವವರಲ್ಲಿ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ಇದು ದೆವ್ವವಲ್ಲ, ಗಾಳಿಯಲ್ಲ. ಇದು ತುರ್ತು ಕಾಯಿಲೆ, ಚಿಕಿತ್ಸೆಯಿಂದ ಚೆನ್ನಾಗಿ ಗುಣವಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ-ಮಗು ಇಬ್ಬರನ್ನೂ ಒಟ್ಟಿಗೆ ದಾಖಲು ಮಾಡಿಕೊಳ್ಳುವ ವಾರ್ಡ್ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಮೂರು ವರ್ಷದೊಳಗಿನ ಮಗುವನ್ನು, ಮಗುವಿಗೆ ಅಪಾಯ ಇಲ್ಲದಿದ್ದರೆ, ಚಿಕಿತ್ಸೆಯಲ್ಲಿರುವ ತಾಯಿಯಿಂದ ಬೇರೆ ಮಾಡಬಾರದು ಎನ್ನುತ್ತದೆ. ಆಸ್ಪತ್ರೆಗೆ ಸೇರಿಸಿದರೆ ಮಗು ಕೈತಪ್ಪುತ್ತದೆ ಎಂದು ಹೆದರಿ ತಡ ಮಾಡುವವರು ಇದನ್ನು ನೆನಪಿಟ್ಟುಕೊಳ್ಳಿ.

ನಿಮ್ಮ ವಿಷಯಕ್ಕೆ ಮರಳುತ್ತೇನೆ. ಫೋಲಿಕ್ ಆಸಿಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ ಎಂದುಕೊಂಡಿದ್ದೇನೆ, ಅದನ್ನು ಬಿಡಬೇಡಿ. 18ರಿಂದ 20 ವಾರದ ನಡುವೆ ಮಗುವಿನ ಅಂಗಾಂಗ ನೋಡುವ ಸ್ಕ್ಯಾನ್ ಮಾಡಿಸಿ. ಅದು ಎಲ್ಲ ಬಸುರಿಯರಿಗೂ ಬೇಕಾದದ್ದೇ, ನಿಮಗೆ ಅದರಿಂದ ಧೈರ್ಯವೂ ಬರುತ್ತದೆ. ಬಾಣಂತನದಲ್ಲಿ ನಿಮಗೆ ರಾತ್ರಿ ಒಂದೇ ಪಟ್ಟಿಗೆ ನಾಲ್ಕೈದು ಗಂಟೆ ನಿದ್ದೆ ಸಿಗುವ ಹಾಗೆ ಈಗಲೇ ಯೋಜನೆ ಹಾಕಿ. ಹಾಲು ಕುಡಿಸಿದ ಮೇಲೆ ಮಗುವನ್ನು ಎತ್ತಿಕೊಂಡು ತೂಗಿ ಮಲಗಿಸುವ ಕೈ ಇನ್ನೊಂದಿರಬೇಕು. ನಿದ್ದೆಗೆಟ್ಟರೆ ಎಂಥ ಮಾತ್ರೆಯೂ ಪೂರ್ತಿ ಕೆಲಸ ಮಾಡುವುದಿಲ್ಲ.

ಮನೋವೈದ್ಯರ ಹತ್ತಿರ ಹೋಗುವಾಗ ಅತ್ತೆಯವರನ್ನೂ ಕರೆದುಕೊಂಡು ಹೋಗಿ. ಅವರು ನಿಮ್ಮ ಮಗುವಿನ ಮೇಲಿನ ಪ್ರೀತಿಯಿಂದಲೇ ಬೇಡ ಎಂದವರು. ಅವರ ಪ್ರಶ್ನೆಗಳನ್ನು ಅವರ ಬಾಯಿಂದಲೇ ಡಾಕ್ಟರ್ ಕೇಳಿಸಿಕೊಳ್ಳಲಿ, ಉತ್ತರವನ್ನೂ ಅವರಿಗೇ ಹೇಳಲಿ. ಆ ರಾತ್ರಿಯ ಇನ್ನೊಂದು ಕೈ ಬಹುಶಃ ಅವರದೇ ಆಗಿರುತ್ತದೆ.